ಗುಂಡಿ ಹೊಲಿದ ತಪ್ಪಿಗೆ

ಬೆಳಗ್ಗೆ ತಂಗಿಯ ಫೋನು ಬಾರದೇ ಇದ್ದಿದ್ದರೆ ಟೈಲರನಿಗೆ ಈ ಗತಿ ಬರುತ್ತಿರಲಿಲ್ಲ. ಹೊಳೆ ಉಕ್ಕಿ ಅವಳ ಊರು ಮುಳುಗಿ ನಾಲ್ಕು ದಿನವಾಗಿತ್ತು. ಊರಿಗೆ ಊರೇ ಒಂದು ಶಾಲೆಯಲ್ಲಿ ತಂಗಿತ್ತು.

"ಅಣ್ಣಾ, ನಿಮ್ಮ ಬೀದಿಯೋರು ಬಟ್ಟೆ ಕಳಿಸ್ತಾರಂತಲ್ಲ, ಹರಕಲು ಮಾತ್ರ ಬೇಡ ಕಣೋ. ನಿನ್ನೆ ಯಾರೋ ಕಳಿಸಿದ ಅಂಗಿ ಒಂದಕ್ಕೂ ಗುಂಡಿ ಇಲ್ಲ. ನಮ್ಮ ಮೇಷ್ಟ್ರು ಒಂದು ಕೈಲಿ ಎದೆ ಮುಚ್ಕೊಂಡು, ಇನ್ನೊಂದು ಕೈಲಿ ತಟ್ಟೆ ಹಿಡ್ಕೊಂಡು ನಿಂತಿದ್ರು. ನೋಡಕ್ಕಾಗಲಿಲ್ಲ."

ಬೀದಿಯ ಬಟ್ಟೆಯೆಲ್ಲ ಸೇರಿದ್ದು ಟೈಲರನ ಅಂಗಡಿಯಲ್ಲೇ. ಲಾರಿ ಬರುವುದು ಸಂಜೆ ಐದಕ್ಕೆ. ಮೂಟೆ ಬಿಚ್ಚಿ ನೋಡಿದರೆ ಮೊಣಕೈ ಹರಿದ ಸ್ವೆಟರು, ಜಿಪ್ಪಿಲ್ಲದ ಪ್ಯಾಂಟು, ಒಂದೇ ತೋಳಿನ ಫ್ರಾಕು. ನಮ್ಮ ಬೀದಿಯವರು ಕೊಡುಗೈ ದಾನಿಗಳೇ, ಅನುಮಾನ ಬೇಡ. ನೆಲ ಒರೆಸುವುದಕ್ಕೂ ಬಾರದ್ದನ್ನು ಮೊದಲು ಕೊಡುತ್ತಾರೆ, ಅಷ್ಟೆ.

ಟೈಲರ್ ಗಿರಾಕಿಗಳ ಕೆಲಸ ಪಕ್ಕಕ್ಕಿಟ್ಟು ಕೂತ. ಊಟಕ್ಕೂ ಏಳಲಿಲ್ಲ. ಗುಂಡಿ ಹೊಲಿದ, ಜಿಪ್ಪು ಹಾಕಿದ, ಫ್ರಾಕಿಗೆ ಕಾಣೆಯಾದ ತೋಳು ಕೊಟ್ಟ, ಎಲ್ಲಕ್ಕೂ ಇಸ್ತ್ರಿ ಹೊಡೆದ. ನಾಲ್ಕು ಗಂಟೆಗೆ ಅಂಗಡಿಯ ಹಗ್ಗದ ತುಂಬ ಬಟ್ಟೆಗಳು ಮದುವೆಗೆ ಹೊರಟವರಂತೆ ಸಾಲಾಗಿ ನಿಂತಿದ್ದವು.

ಲಾರಿ ಬೀಳ್ಕೊಡಲು ಬೀದಿಯೇ ಬಂತು. ಮೊದಲು ಮೂಲೆಮನೆಯಾಕೆ.

"ಅಯ್ಯೋ, ಇದು ನಮ್ಮನೆಯವರ ಸ್ವೆಟರ್ ಅಲ್ವಾ? ಇಷ್ಟು ಚೆನ್ನಾಗಿತ್ತಾ!"

"ಈಗ ಚೆನ್ನಾಗಿದೆ," ಎಂದ ಟೈಲರ್.

"ಕೈತಪ್ಪಿ ಬಂದ್ಬಿಟ್ಟಿದೆ ಟೈಲರ್ರೇ. ಬೇರೆ ಕೊಡ್ತೀನಿ ಬಿಡಿ."

ಅವರ ಹಿಂದೆಯೇ ಬ್ಯಾಂಕಿನ ಗುಮಾಸ್ತರು ಪ್ಯಾಂಟಿಗೆ ಕೈ ಹಾಕಿದರು. "ಜಿಪ್ ಇಲ್ಲ ಅಂತ ಕೊಟ್ಟಿದ್ದು. ಈಗ ಇದೆಯಲ್ಲ? ಕೊಡೋಕೆ ಕಾರಣವೇ ಇಲ್ಲ."

ಟೈಲರ್ ಬಾಗಿಲಿಗೆ ಅಡ್ಡ ನಿಂತ. "ಅಲ್ಲಿ ಜನ ಒದ್ದೆ ಬಟ್ಟೆಯಲ್ಲಿ ಕೂತಿದ್ದಾರೆ ಸ್ವಾಮಿ!"

"ನಮಗೂ ಸಂಕಟ ಆಗುತ್ತೆ ಟೈಲರ್ರೇ," ಎಂದರು ಗುಮಾಸ್ತರು, ಪ್ಯಾಂಟನ್ನು ಗೆರೆ ಕೆಡದಂತೆ ಮಡಚಿಕೊಳ್ಳುತ್ತ.

ಒಬ್ಬರು ಒಯ್ದದ್ದು ಕಂಡು ಇನ್ನೊಬ್ಬರು ಒಯ್ದರು. ಲಾರಿಯ ಹಾರ್ನು ಕೇಳುವಾಗ ಹಗ್ಗದ ಮೇಲೆ ಏನೂ ಉಳಿದಿರಲಿಲ್ಲ. ಟೈಲರ್ ಅಂಗಡಿಯ ಹಿಂದಿನ ಮನೆಗೆ ಓಡಿ ಬೀರು ತೆರೆದು ತನ್ನ ಬಟ್ಟೆಗಳನ್ನೆಲ್ಲ ಮೂಟೆ ಕಟ್ಟತೊಡಗಿದ.

"ಮೈಮೇಲಿರೋದು ಬಿಟ್ಟು ಎಲ್ಲಾ ಕೊಡ್ತೀರಾ?" ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಮೇಷ್ಟ್ರು ಎದೆ ಮುಚ್ಕೊಂಡು ನಿಂತಿದ್ರಂತೆ ಕಣೇ."

ಅವಳು ಸೊಂಟದ ಕೈ ತೆಗೆದಳು. ಒಳಗೆ ಹೋಗಿ ತನ್ನ ಬಟ್ಟೆಗಳನ್ನೂ ಇದ್ದ ಎರಡು ಕಂಬಳಿಗಳನ್ನೂ ತಂದು ಮೂಟೆಗೆ ಹಾಕಿದಳು. ಟೈಲರನಿಗೆ ಅವಳ ಮೇಲೆ ಮದುವೆಯಾದ ಹೊಸದರಲ್ಲೂ ಅಷ್ಟು ಪ್ರೀತಿ ಬಂದಿರಲಿಲ್ಲ. ಲಾರಿ ಹೊರಟ ಮೇಲೆ ಅವನ ಎದೆ ಹಗುರಾಯಿತು, ಆಗಲೇ ಹಸಿವೂ ತಿಳಿಯಿತು.

ತಟ್ಟೆಯ ಮುಂದೆ ಕೂತಿದ್ದನಷ್ಟೆ, ಯಾರೋ ಬಾಗಿಲು ತಟ್ಟಿದರು. ಮೂಲೆಮನೆಯಾಕೆ, ಗುಮಾಸ್ತರು, ಹಿಂದೆ ಅರ್ಧ ಬೀದಿ. ಆಕೆಯ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು.

"ಉಟ್ಟ ಬಟ್ಟೇಲಿ ನಿಂತಿದ್ದೀರಂತೆ! ಕೇಳಿ ಕರುಳು ಚುರ್ ಅಂತು. ನಮ್ಮ ಕೈಲಾದಷ್ಟು ಸೇರಿಸಿ ತಂದಿದ್ದೀವಿ, ಬೇಡ ಅನ್ನಬಾರದು."

ಮೂಟೆ ಬಿಚ್ಚಿದರೆ ಕಾಲರ್ ಕಿತ್ತ ಅಂಗಿ, ಮೊಣಕಾಲು ಹೋದ ಪ್ಯಾಂಟು, ತೂತುಬಿದ್ದ ಕಂಬಳಿ.

"ಸ್ವಲ್ಪ ಹರಿದಿವೆ. ನಿಮಗೆ ಅದೇನು ದೊಡ್ಡ ವಿಷ್ಯ ಬಿಡಿ," ಎಂದು ಕಣ್ಣೊರೆಸಿಕೊಂಡು ಆಕೆ ಮೆಟ್ಟಿಲಿಳಿದರು. ಅರ್ಧಕ್ಕೆ ನಿಂತು ತಿರುಗಿದರು.

"ಹೊಲಿದಾದ್ಮೇಲೆ ಒಂದ್ಸಲ ತೋರಿಸಿ ಟೈಲರ್ರೇ. ತೀರಾ ಚೆನ್ನಾಗಿ ಬಂದಿದ್ರೆ ನಾವೇ ಇಟ್ಕೋತೀವಿ."