ಎಸ್‌ಎಸ್‌ಡಿಯೂ ಮಾರಿಹೋದ ಎಮ್ಮೆಯೂ

ನನಗೆ ಎಲ್ಲವನ್ನೂ ಬೇಗ ಮುಗಿಸುವ ಚಟ. ಎದುರಿನವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ; ಅದು ಸರಿಯೋ ತಪ್ಪೋ ಆಮೇಲಿನ ಮಾತು. ಅಂಥ ನನಗೆ ಪಾರ್ವತಿನಗರದ ನಮ್ಮ ಮನೆಯಲ್ಲಿ ಸಿಕ್ಕ ಕಂಪ್ಯೂಟರ್ ಎಂಥದು ಅಂತೀರಿ? ಅದು ಕಣ್ಣು ಬಿಡುವಷ್ಟರಲ್ಲಿ ನನ್ನ ಸ್ನಾನ, ಪೂಜೆ ಎರಡೂ ಮುಗಿದಿರುತ್ತಿದ್ದವು. ಹೊಸದು ಕೊಳ್ಳುವುದಿಲ್ಲ, ಇದನ್ನೇ ಓಡಿಸುತ್ತೇನೆ ಎಂದು ಹಟ ಹಿಡಿದೆ.

ಆ ಕಂಪ್ಯೂಟರಿನೊಳಗೆ ಎರಡು ಸಂಸಾರ, ಅಂದರೆ ಎರಡು ಆಪರೇಟಿಂಗ್ ಸಿಸ್ಟಂ. ನನಗೆ ವಿಂಡೋಸ್, ಕುರುಗೋಡಿನ ಶಾಲೆಯಲ್ಲಿ ಕನ್ನಡ ಕಲಿಸುವ ನನ್ನ ಹೆಂಡತಿ ಗಿರಿಜಾಗೆ ಲಿನಕ್ಸ್. ಆನ್ ಮಾಡಿದಾಗ ಯಾವುದು ಬೇಕೋ ಆರಿಸಿಕೊಳ್ಳಬೇಕು. ಫೈಲುಗಳನ್ನಿಡುವ ದೊಡ್ಡ ಹಾರ್ಡ್ ಡಿಸ್ಕ್ ಮಾತ್ರ ಇಬ್ಬರಿಗೂ ಒಂದೇ. ನಾನು ಎಸ್‌ಎಸ್‌ಡಿ ಎಂಬ ಸಣ್ಣ, ಚುರುಕಾದ ಡಿಸ್ಕೊಂದನ್ನು ತಂದು, ವಿಂಡೋಸಿನ ಕಡೆಯಿಂದ ಅದನ್ನು ದೊಡ್ಡ ಡಿಸ್ಕಿಗೆ ಕ್ಯಾಷ್ ಆಗಿ ಇಟ್ಟೆ. ಎಂದರೆ, ಪದೇ ಪದೇ ಬೇಕಾಗುವ ಫೈಲುಗಳ ನಕಲನ್ನು ಅದು ಹತ್ತಿರದಲ್ಲೇ ಇಟ್ಟುಕೊಂಡಿರುತ್ತದೆ. ಒಳಮನೆಗೆ ಹೋಗದೆ ಒಗ್ಗರಣೆ ಡಬ್ಬಿಯಿಂದಲೇ ಸಾಸಿವೆ ತೆಗೆದ ಹಾಗೆ. ಕಂಪ್ಯೂಟರ್ ಓಡತೊಡಗಿತು. ನಾನು ಮೀಸೆ ತಿರುವಿದೆ.

ಗಿರಿಜಾ ಶಾಲೆಯ ಮಕ್ಕಳಿಗಾಗಿ ನಾಟಕವೊಂದನ್ನು ಬರೆದಿದ್ದಳು. ಕೊನೆಯ ದೃಶ್ಯ ಸಪ್ಪೆಯಾಯಿತೆಂದು ಭಾನುವಾರ ಬೆಳಗಿನಿಂದ ಕೂತು ಹೊಸದಾಗಿ ಬರೆದಳು. ಮರುದಿನವೇ ಅದು ಮಕ್ಕಳ ಕೈ ಸೇರಬೇಕು. ನಮ್ಮ ಪ್ರಿಂಟರ್ ವಿಂಡೋಸಿನ ಮಾತನ್ನಷ್ಟೇ ಕೇಳುವುದರಿಂದ ಪ್ರಿಂಟ್ ತೆಗೆಯುವ ಕೆಲಸ ನನ್ನದು. ತೆಗೆದುಕೊಟ್ಟೆ.

"ಇದು ಹಳೇದು ಐತಲ್ರಿ," ಎಂದಳು.

"ನೀನು ಸೇವ್ ಮಾಡಿಲ್ಲ ಬಿಡು," ಎಂದೆ. ನೋಡಿ, ಎಷ್ಟು ಬೇಗ ಉತ್ತರ!

"ಮಾಡೀನ್ರಿ. ಬರದದ್ದೆಲ್ಲಾ ಹೋತಂದ್ರ ಹುಡುಗರಿಗೆ ಏನ್ ಹೇಳ್ಲಿ ನಾನು?"

ಅವಳ ಕಣ್ಣು ತುಂಬಿತು. ಹೊಸ ದೃಶ್ಯ ಸಿಗುವವರೆಗೂ ಊಟ ಮಾಡುವುದಿಲ್ಲ ಎಂದು ಪಟ್ಟು ಹಿಡಿದು ಕೂತೆ.

ಹುಡುಕಿದಾಗ ತಿಳಿಯಿತು, ಅವಳ ಲಿನಕ್ಸಿಗೆ ನನ್ನ ಕ್ಯಾಷಿನ ಪರಿಚಯವೇ ಇಲ್ಲ. ಅವಳು ಬರೆದದ್ದು ನೇರವಾಗಿ ದೊಡ್ಡ ಡಿಸ್ಕಿಗೆ ಹೋಗಿತ್ತು. ನನ್ನ ಕಡೆಯ ಕ್ಯಾಷ್, ಅಲ್ಲಿ ಏನಾಗಿದೆ ಎಂದು ನೋಡುವ ಗೋಜಿಗೇ ಹೋಗದೆ ಹಿಂದೆ ನಾನು ನಾಟಕ ತೆರೆದಾಗ ಎತ್ತಿಟ್ಟುಕೊಂಡಿದ್ದ ಹಳೆಯ ನಕಲನ್ನೇ ಬಡಿಸಿತ್ತು. ಅಪ್ಪಿತಪ್ಪಿ ನಾನೇನಾದರೂ ಸೇವ್ ಒತ್ತಿದ್ದರೆ ಹೊಸದರ ಮೇಲೆ ಹಳೆಯದು ಹೋಗಿ ಕೂರುತ್ತಿತ್ತು. ಯಾವುದನ್ನೂ ಮುಟ್ಟದೆ ಕ್ಯಾಷನ್ನು ತೆಗೆದುಹಾಕಿ ಮತ್ತೆ ಆನ್ ಮಾಡಿದೆ. ಮತ್ತೆ ಸ್ನಾನ, ಪೂಜೆ ಮುಗಿಸುವಷ್ಟು ಹೊತ್ತು ಕಾಯಬೇಕಾಯಿತು, ಆದರೆ ಕೊನೆಯ ದೃಶ್ಯ ಒಂದಕ್ಷರವೂ ಮುಕ್ಕಾಗದೆ ಇತ್ತು.

ಗಿರಿಜಾಗೆ ಎಲ್ಲವನ್ನೂ ವಿವರಿಸಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು. "ಅಂದ್ರ ಅದೂ ನಿಮ್ಮಂಗ ಬಿಡ್ರಿ. ಹೊಸದೇನಾಗೈತಿ ಅಂತ ಕೇಳಂಗಿಲ್ಲ, ತಲಿಯಾಗ ಇದ್ದದ್ದನ್ನ ಹೇಳತೈತಿ."

"ನಾ ಎಲ್ಲಿ ಹಂಗ ಮಾಡೀನಿ?" ಎಂದು ರೇಗಿದೆ.

ಅಷ್ಟರಲ್ಲಿ ಸಿರುಗುಪ್ಪದ ಹತ್ತಿರದ ಕರೂರಿನಿಂದ ಅವಳ ತಮ್ಮ ಬಸವನ ಫೋನು ಬಂತು. ಮಾತು ಮುಗಿಸಿ ನನ್ನ ಕೈಗೆ ಕೊಟ್ಟಳು.

"ಏನ್ ಬಸವ, ಎಮ್ಮಿ ಹೆಂಗೈತಿ?" ಎಂದೆ, ಉತ್ಸಾಹದಿಂದ.

"ಎಮ್ಮಿ ಮಾರಿ ಭಾಳ ವರ್ಷ ಆತಲ್ರಿ ಭಾವ. ಹೋದ ಸಲಾನೂ ಹೇಳಿದ್ನಲ್ರಿ."

ಗಿರಿಜಾ ಕಂಪ್ಯೂಟರನ್ನೊಮ್ಮೆ, ನನ್ನ ತಲೆಯನ್ನೊಮ್ಮೆ ನೋಡಿ, "ಈ ಕ್ಯಾಷನ್ನ ಹೆಂಗ್ರಿ ತೆಗಿಯೋದು?" ಎಂದಳು.

"ಬಸವ, ಈಗ ಹೊಸದೇನೈತಿ ಹೇಳಪ್ಪ," ಎಂದು ನಾನು ಫೋನಿನಲ್ಲಿ ಕೇಳಿದೆ.