ರೆಕ್ಕೆಯಾನೆಯೂ ಭಾವನ ತೂಕದ ಬೆಲ್ಲವೂ

ಇಂಥ ಫಜೀತಿಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ನನ್ನ ಮನೆ ನಂಜನಗೂಡಿನಲ್ಲಿ, ಹೈಸ್ಕೂಲು ಮೇಷ್ಟ್ರ ಕೆಲಸ ತಿ. ನರಸೀಪುರದಲ್ಲಿ. ದಿನಾ ಬಸ್ಸಿನ ಓಡಾಟ. ಮಧ್ಯಾಹ್ನದ ಊಟಕ್ಕೆ ಅಲ್ಲೇ ಇರುವ ಅಕ್ಕನ ಮನೆ. ಮನೆ, ಬಸ್ಸು, ಅಕ್ಕನ ಅಡುಗೆಮನೆ, ಇಷ್ಟರ ನಡುವೆ ಎರಡು ಸೀರಿಯಲ್ಲುಗಳು ನುಗ್ಗಿ ಮಾಡಿದ ಅವಾಂತರ ಇದು.

ಮೊದಲನೆಯದು ಯಾವುದೋ ದೇಶದವರು ತೆಗೆದು, ನಮ್ಮವರು ಕನ್ನಡದ ಮಾತು ಹಾಕಿದ್ದು. ರಾಜರು, ಮಂತ್ರ, ವಿಷ, ಜೊತೆಗೆ ಆಕಾಶದಲ್ಲಿ ಹಾರುವ ಒಂದು ಆನೆ. ಅದು ಮುಗಿದು ಮೂರು ವರ್ಷಕ್ಕೆ ಎರಡನೆಯದು ಬಂತು. ಎರಡನೆಯದೆಂದರೆ ಮುಂದಿನ ಕಥೆಯಲ್ಲ, ಹಿಂದಿನ ಕಥೆ. ಮೊದಲನೆಯದರಲ್ಲಿ ಹಲ್ಲುದುರಿ ಕೂತಿದ್ದ ಮುದಿರಾಜ ಇದರಲ್ಲಿ ಇನ್ನೂ ಮೀಸೆ ಚಿಗುರದ ಹುಡುಗ.

೧. ಭಾವ ಮಾತು ಬಿಟ್ಟದ್ದು

ಭಾವನದು ಗೊಬ್ಬರದ ಅಂಗಡಿ. ಎಪ್ಪತ್ತೆರಡು ಕೆಜಿಯ ಆಳು. ನನ್ನನ್ನು ಕಂಡಾಗಲೆಲ್ಲ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ, "ಮೇಷ್ಟ್ರು ಒಂದು ಮೂಟೆ ಯೂರಿಯಾಗಿಂತ ಒಂಚೂರು ಜಾಸ್ತಿ ಅವ್ರೆ" ಎಂದು ಗಿರಾಕಿಗಳ ಮುಂದೆ ಸಾರುತ್ತಿದ್ದರು. ಭಾನುವಾರ ಬೆಳಗ್ಗೆ ಅಂಗಡಿ ಬಾಗಿಲು ಹಾಕಿ, ಹೆಗಲ ಮೇಲೆ ಟವಲ್ಲು ಹಾಕಿಕೊಂಡು, ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತು ಮೊದಲನೆಯ ಸೀರಿಯಲ್ಲು ನೋಡುವರು. ನೋಡುವುದೆಂದರೆ ಸುಮ್ಮನೆ ಅಲ್ಲ, ಒಳಗಿನವರಿಗೆಲ್ಲ ಬುದ್ಧಿ ಹೇಳಿಕೊಂಡು.

"ಕುಡೀಬ್ಯಾಡ ಕಣಯ್ಯಾ, ಅದ್ರಲ್ಲಿ ಇಸ ಅದೆ!"

"ಅವ್ನಿಗೆ ಕೇಳಿಸ್ತದಾ? ನಿಮ್ಮ ಬಾಯಿಗಿಷ್ಟು ಬೀಗ ಹಾಕ" ಎಂದು ಅಕ್ಕ. ಹೀಗೆ ಬೈದುಕೊಂಡು, ಆಮೇಲೆ ಅದನ್ನೇ ನೆನೆಸಿಕೊಂಡು ಸೆರಗು ಬಾಯಿಗೆ ಒತ್ತಿ ನಗುವುದು ಅವಳ ಭಾನುವಾರ.

ಒಂದು ಸಲ ಮುದಿರಾಜ ಹಾಸಿಗೆ ಹಿಡಿದ. ನಾಲ್ಕು ವಾರವಾದರೂ ಏಳಲಿಲ್ಲ. ಸೋಮವಾರ ತಪ್ಪದೆ ನಂಜನಗೂಡಿನ ಗುಡಿಗೆ ಬರುತ್ತಿದ್ದ ಭಾವ ಐದನೆಯ ವಾರ ಬಂದು, ನಂಜುಂಡಪ್ಪನ ಮುಂದೆ ನಿಂತು, ನನ್ನ ಕಿವಿಗೂ ಕೇಳುವಂತೆ ಹರಕೆ ಹೊತ್ತರು. "ಅಪ್ಪಾ ನಂಜುಂಡಪ್ಪ, ರಾಜ ಉಳ್ಕಂಡ್ರೆ ನನ್ ತೂಕದ್ ಬೆಲ್ಲ ನಿಂಗೆ."

ಮುಂದಿನ ಭಾನುವಾರ ರಾಜ ಸತ್ತ.

ಭಾವ ದೇವರ ಜೊತೆ ಮಾತು ಬಿಟ್ಟರು. ಸೋಮವಾರದ ಗುಡಿ ನಿಂತಿತು. "ಒಬ್ಬ ರಾಜನ್ನ ಉಳಿಸ್ಕೊಡಕ್ಕಾಗ್ಲಿಲ್ಲ, ಇನ್ನು ನನ್ ಮಂಡಿನೋವು ವಾಸಿ ಮಾಡ್ತಾನಾ?" ಎಂದು ಕೂಗಾಡಿದರು.

ಅಕ್ಕ ರಾಗಿ ಹಿಟ್ಟು ಜರಡಿ ಹಿಡಿಯುತ್ತಾ ತಲೆಯೆತ್ತದೆ ಹೇಳಿದಳು: "ಅವ್ನು ಬೇರೆ ದೇಶದ ರಾಜ ಕಣ್ರೀ. ನಂಜುಂಡಪ್ಪನ ತಾಲ್ಲೂಕಿಗೆ ಬರಲ್ಲ."

೨. ಬಸ್ಸಿನ ತೀರ್ಪು

ಸೀರಿಯಲ್ಲು ಮುಗಿದು ವರ್ಷ ತುಂಬುವುದರೊಳಗೆ ಭಾವ ಅಂಗಡಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಅಕ್ಕ ಅವರ ಟವಲ್ಲನ್ನು ಟೀವಿಯ ಮೇಲೆ ಹೊದಿಸಿದಳು. ಎರಡು ವರ್ಷ ಅದನ್ನು ಯಾರೂ ತೆಗೆಯಲಿಲ್ಲ. ಅಡುಗೆ ಮಾಡುವಳು, ಬಡಿಸುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು. ಆ ಸೆರಗು ಒತ್ತಿಕೊಳ್ಳುವ ನಗು ಮಾತ್ರ ನಿಂತಿತ್ತು. ಅದನ್ನೊಂದು ಸಲ ಕೇಳಬೇಕು ಅನ್ನುವುದು ಬಿಟ್ಟರೆ ನನಗೆ ಆಗ ಬೇರೆ ಆಸೆ ಇರಲಿಲ್ಲ.

ಎರಡನೆಯದು ಶುರುವಾಯಿತು ಎಂದು ತಿಳಿದಾಗ, ಅಕ್ಕನಿಗೆ ತೋರಿಸಬಹುದೇ ಎಂದು ಬಸ್ಸಿನಲ್ಲಿ ವಿಚಾರಿಸಿದೆ. ಕಂಡಕ್ಟರು ಟಿಕೆಟ್ ಕೊಡುವುದನ್ನೇ ನಿಲ್ಲಿಸಿದರು.

"ಮೊದ್ಲನೇದ್ರ ಕಾಲ್ ಧೂಳಿಗೂ ಸಮ ಇಲ್ಲ ಸಾ. ಅದ್ರಲ್ಲಿ ಒಂದೇ ಆನೆ. ಹತ್ತು ವಾರಕ್ಕೊಂದ್ಸಲ ಬರದು. ಬಂದ್ರೆ ಮೈ ಜುಂ ಅನ್ನದು. ಇದ್ರಲ್ಲಿ ಮಂದೆ ಮಂದೆ ಆನೆ. ಡಿಪೋದಲ್ಲಿ ಬಸ್ಸು ನಿಂತಂಗೆ ನಿಂತವೆ. ಯಾವ್ದುನ್ನ ನೋಡನ?"

ಹೂವಿನ ಬುಟ್ಟಿಯ ಹೆಂಗಸು ಒಪ್ಪಲಿಲ್ಲ. "ಮೊದ್ಲನೇದ್ರಲ್ಲಿ ಎಲ್ರೂ ಕತ್ಲಲ್ಲೇ ನಿಂತ್ಕಂಡು ಮಾತಾಡೋರು. ಯಾರು ಯಾರ್ಗೆ ಚುಚ್ಚುದ್ರು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ಇದ್ರಲ್ಲಿ ಬೆಳ್ಕದೆ, ಒಡವೆ ಅದೆ, ಮದ್ವೆ ಅದೆ. ಇದೇ ವಾಸಿ."

ಹಿಂದಿನ ಸೀಟಿನಲ್ಲಿ ಹೆಡಿಯಾಲದ ಕಡೆಯ ಒಬ್ಬ ರೈತರಿದ್ದರು. ಕಾಡಂಚಿನ ಹೊಲ, ವರ್ಷಾ ವರ್ಷಾ ಆನೆ ಕಾಟ. ಪಕ್ಕದವನ ಮೊಬೈಲಿನಲ್ಲಿ ರೆಕ್ಕೆಯಾನೆಗಳ ಹಿಂಡು ಹಾರುವುದನ್ನು ಅವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಸಾ, ನಡ್ಯೋ ಆನೇಗೇ ಬೇಲಿ ಕಟ್ಟಿ ಕಟ್ಟಿ ಸಾಕಾಗೋಗದೆ. ಇಂತವ್ನೆಲ್ಲ ಯಾಕ್ ತೋರುಸ್ತರೆ? ನಮ್ಮೂರ್ ಆನೆಗೋಳು ನೋಡ್ಕಂಬುಟ್ರೆ ಏನ್ ಗತಿ?"

೩. ಕಪಿಲೆಯ ಪಾಠ

ಅಕ್ಕನ ಮುಂದೆ ವಿಷಯ ಎತ್ತಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕೊನೇಲಿ ಆ ರಾಜ ಸಾಯ್ತಾನೆ ಅಂತ ಗೊತ್ತಿದ್ಮೇಲೆ ಏನ್ ನೋಡದು?"

ಮೇಷ್ಟ್ರ ಬಾಯಿ, ಸುಮ್ಮನಿರುತ್ತದೆಯೇ? "ಅಕ್ಕಾ, ನಂಜನಗೂಡಲ್ಲಿ ಕಪಿಲೆ ಇದಾಳೆ. ಇಲ್ಲಿಗೆ ಬಂದು ಕಾವೇರಿಗೆ ಸೇರ್ಕೊಂಡ್ಮೇಲೆ ಅವಳ ಹೆಸರೂ ಇರಲ್ಲ. ಹಾಗಂತ ಅಲ್ಲಿ ಮುಳುಗು ಹಾಕೋದು ಬಿಡ್ತೀಯಾ? ಇದೂ ಹಾಗೇ. ಸಂಗಮ ನೋಡಾಗಿದೆ, ಈಗ ಒಂಚೂರು ಮೇಲಕ್ಕೆ ಹೋಗಿ ನೋಡೋದು."

ಅಕ್ಕ ಮುದ್ದೆಯ ಪಾತ್ರೆಯ ಕಡೆ ಕೈ ಚಾಚಿದಳು. "ಪಾಠ ಚೆನ್ನಾಗ್ ಮಾಡ್ತೀಯ. ಇನ್ನೊಂದು ಮುದ್ದೆ ಹಾಕ್ಲಾ?"

ಕೆಲಸ ಕೆಟ್ಟಿತು ಅಂದುಕೊಂಡೆ. ಆದರೆ ಭಾನುವಾರ ಬೆಳಗ್ಗೆ ಹೋಗಿ ನೋಡಿದರೆ ಟೀವಿ ಮೇಲಿನ ಟವಲ್ಲು ಇರಲಿಲ್ಲ. ಮಡಿಸಿ ಪಕ್ಕದ ಕುರ್ಚಿಯ ಮೇಲೆ ಇಟ್ಟಿದ್ದಳು. ನಾನು ಆ ಕುರ್ಚಿ ಬಿಟ್ಟು ನೆಲದ ಮೇಲೆ ಕೂತೆ.

ಅರ್ಧ ಗಂಟೆ ಟೀವಿಯದ್ದೇ ಮಾತು. ಆನೆಗಳು ಹಾರಿದವು, ಇಳಿದವು. ಆಮೇಲೆ ಅಕ್ಕ ಮೆಲ್ಲಗೆ, "ಇದು ಅದ್ರಷ್ಟು ಚೆನ್ನಾಗಿಲ್ಲ ಕಣೋ" ಅಂದಳು.

"ಯಾಕಕ್ಕಾ? ಆನೆ ಜಾಸ್ತಿ ಆಯ್ತಾ?"

"ಅದ್ರಲ್ಲಿ ಮಧ್ಯೆ ಮಧ್ಯೆ ಮಾತಾಡೋರಿದ್ರು."

ಎರಡು ಸೀರಿಯಲ್ಲುಗಳ ಬಗ್ಗೆ ಇಡೀ ಬಸ್ಸು ಹೇಳಿದ್ದಕ್ಕಿಂತ ಇದೇ ಸರಿಯಾದ ಮಾತು ಅನಿಸಿತು. ಏನಾದರೂ ಮಾಡಬೇಕಲ್ಲ? ಆ ಹೊತ್ತಿಗೆ ಸರಿಯಾಗಿ ಹುಡುಗ ರಾಜ ಒಂದು ಬಟ್ಟಲು ಎತ್ತಿದ. ನಾನು ಭಾವನ ಹಾಗೆ ಎದ್ದು ಕೂತು ಕೂಗಿದೆ: "ಕುಡೀಬ್ಯಾಡ ಕಣಯ್ಯಾ, ಅದ್ರಲ್ಲಿ ಇಸ ಅದೆ!"

ಅಕ್ಕ ತಿರುಗಿ ನೋಡಿದಳು. "ಅದು ಹಾಲು ಕಣೋ. ಅವ್ನ ತಾಯಿ ಕೊಟ್ಟಿರದು. ಮಾತಾಡೋನು ನೋಡ್ಕಂಡು ಮಾತಾಡು."

೪. ಹರಕೆ ತೀರಿದ್ದು

ಎಂಟು ಭಾನುವಾರ ಹೀಗೇ ಕಳೆಯಿತು. ಅಕ್ಕ ನೋಡುವಳು, ಆದರೆ ನಗುತ್ತಿರಲಿಲ್ಲ. ಒಂಬತ್ತನೆಯ ಭಾನುವಾರ ಯಾರೋ ನಿಜಕ್ಕೂ ವಿಷ ಹಾಕಿ, ಹುಡುಗ ರಾಜ ಹಾಸಿಗೆ ಹಿಡಿದ. ಅಕ್ಕ ವಾರವಿಡೀ ಸರಿಯಾಗಿ ಊಟ ಮಾಡಲಿಲ್ಲ. ಅವನು ಮುದುಕನಾಗುವ ತನಕ ಬದುಕಿದ್ದನ್ನು ನಾವೆಲ್ಲ ಆಗಲೇ ನೋಡಿದ್ದೇವಲ್ಲಕ್ಕಾ ಎಂದರೂ ಕೇಳಲಿಲ್ಲ. ಹತ್ತನೆಯ ಭಾನುವಾರ ಹುಡುಗ ಕಣ್ಣು ಬಿಟ್ಟು, ಎದ್ದು, ಆನೆ ಹತ್ತಿದ.

ಮಾರನೆಯ ಬೆಳಗ್ಗೆ ಅಕ್ಕನ ಫೋನು. "ಲೋ, ಇವತ್ತು ರಜಾ ಹಾಕು. ಗುಡಿ ಹತ್ರ ಬೆಲ್ಲ ಹೇಳಿಡು. ಎಪ್ಪತ್ತೆರಡು ಕೆಜಿ."

"ಯಾಕಕ್ಕಾ?"

"ನಿಮ್ಮ ಭಾವ ಏನಂದಿದ್ರು? ರಾಜ ಉಳ್ಕಂಡ್ರೆ ಅಂತ. ಯಾವ ವಯಸ್ಸಲ್ಲಿ ಅಂತ ಹೇಳಿದ್ರಾ?"

ನಾನು ಬಸ್ಸಿಗೆಂದು ಮೆಟ್ಟಿಕೊಂಡಿದ್ದ ಚಪ್ಪಲಿ ಬಿಚ್ಚಿದೆ. "ಅವ್ರು ದೇವ್ರ ಮೇಲೆ ಕೋಪ ಮಾಡ್ಕಂಡೇ ಹೋದ್ರು ಕಣೋ. ಅದೊಂದು ನನ್ ಎದೇಲಿ ಕೂತದೆ" ಎಂದಳು ಅಕ್ಕ. ಎರಡು ವರ್ಷದಲ್ಲಿ ಅವಳು ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಾನು ರಜಾ ಹಾಕಿದೆ.

ಅಕ್ಕ ಗುಡಿಯ ಮುಂದೆ ಆಟೋದಿಂದ ಇಳಿದಾಗ ಕೈಯಲ್ಲಿ ಒಂದು ಭಾರದ ಚೀಲ. ತುಲಾಭಾರದ ತಕ್ಕಡಿಯ ಹತ್ತಿರ ಅರ್ಚಕರು, "ಯಾರಮ್ಮ ಕೂತ್ಕೊಳ್ಳೋದು?" ಎಂದು ಕೇಳಿದರು.

"ಹರಕೆ ಹೊತ್ತೋರು ಇಲ್ಲ ಸ್ವಾಮಿ. ಇವ್ನು ಕೂರ್ತಾನೆ. ಇವ್ನಲ್ಲಿ ಅವ್ರಷ್ಟು ತೂಕ ಇಲ್ಲ" ಎಂದು ಚೀಲದಿಂದ ಭಾವನ ಅಂಗಡಿಯ ಇಪ್ಪತ್ತು ಕೆಜಿಯ ಕಬ್ಬಿಣದ ತೂಕದ ಕಲ್ಲು ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ಆ ಕಡೆ ಅಚ್ಚು ಬೆಲ್ಲ ಪೇರಿಸುತ್ತಾ ಹೋದರು. ನಾನು ನೆಲ ಬಿಟ್ಟು ಮೇಲೆದ್ದೆ. ಸಾಲಿನಲ್ಲಿ ನಿಂತಿದ್ದ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಕೈ ಮುಗಿದರು.

"ಯಾರ ಹೆಸರಿಗೆ ಸಂಕಲ್ಪ?"

"ರಾಜನ ಹೆಸ್ರಿಗೆ. ಟೀವೀಲಿ ಬರ್ತಾನಲ್ಲ, ಆನೆ ರಾಜ."

ನಾನು ಕಣ್ಣು ಮುಚ್ಚಿಕೊಂಡೆ. ಅರ್ಚಕರು ಒಂದಿಷ್ಟೂ ಅಳುಕದೆ, "ಗೋತ್ರ?" ಎಂದರು.

"ಗೊತ್ತಿಲ್ಲ ಸ್ವಾಮಿ."

"ಶಿವಗೋತ್ರ ಅಂದ್ಬಿಡೋಣ." ಸಂಕಲ್ಪ ಮಾಡಿಸಿದರು. ಆಮೇಲೆ ಬಗ್ಗಿ, "ಅಮ್ಮಾ, ನಾನೂ ಎರಡೂ ನೋಡಿದೀನಿ. ಈಗೇನೋ ಹುಡುಗ ಉಳ್ಕೊಂಡ. ಆದ್ರೆ ಮೊದಲನೇದ್ರಲ್ಲಿ..." ಎಂದು ಶುರುಮಾಡಿದರು.

ಅಕ್ಕ ಗರ್ಭಗುಡಿಯ ಕಡೆ ಒಮ್ಮೆ ನೋಡಿ ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಸ್ವಾಮಿ! ಒಳಗಿರೋರು ಇನ್ನೂ ಎರಡನೇದ್ನೇ ನೋಡ್ತಾವ್ರೆ."

ಮೊದಲು ಅರ್ಚಕರು ನಕ್ಕರು. ನಾನು ನಕ್ಕಿದ್ದಕ್ಕೆ ತಕ್ಕಡಿ ತೂಗಾಡಿತು. ತಕ್ಕಡಿ ನಿಲ್ಲಿಸಲು ಸರಪಣಿ ಹಿಡಿದ ಅಕ್ಕ, ನನ್ನ ತೊಡೆಯ ಮೇಲಿನ ಕಲ್ಲು ಜಾರುವುದನ್ನು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅದೇ ನಗು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ತಕ್ಕಡಿ ನಿಂತಿತು. "ಆಯ್ತಮ್ಮ, ತೂಕ ಸರಿಯಾಗಿದೆ" ಎಂದರು ಅರ್ಚಕರು.

"ಎಲ್ಲಿ ಸರಿಯಾಯ್ತು?" ಅಕ್ಕ ಕಣ್ಣೊರೆಸಿಕೊಂಡಳು. "ಇನ್ನೆರಡು ಅಚ್ಚು ಹಾಕಿ ಸ್ವಾಮಿ. ಇದು ಅವ್ರ ಮೈ ತೂಕ. ಬಾಯಿದು ಬೇರೆ ಇತ್ತು."