ಡ್ಯಾಶ್‌ಬೋರ್ಡಿನ ಶವಪರೀಕ್ಷೆ

ಮನುಷ್ಯನ ದೇಹದಲ್ಲಿ ಇನ್ನೂರ ಆರು ಮೂಳೆಗಳಿವೆ. ಮೂವತ್ತೆಂಟು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದ ನಾನು ಅವುಗಳಲ್ಲಿ ಒಂದನ್ನೂ ಕಳೆದವಳಲ್ಲ. ಕಿವಿಯೊಳಗಿನ, ಅಕ್ಕಿಕಾಳಿಗಿಂತ ಚಿಕ್ಕ ಮೂಳೆಯೂ ನಿವೃತ್ತಿಯ ದಿನ ತನ್ನ ಡಬ್ಬಿಯಲ್ಲೇ ಇತ್ತು. ಬಿಚ್ಚಿದ್ದನ್ನೆಲ್ಲ ಬರೆಯಬೇಕು, ಮುಚ್ಚುವ ಮೊದಲು ಎಣಿಸಬೇಕು: ಇದು ನನ್ನ ಶವಚ್ಛೇದನ ಕೊಠಡಿಯ ಕಾನೂನು. ಅಂಥ ನನಗೆ ಗಂಡನ ಬೆರಳಿನ ಒಂದು ಉಂಗುರವನ್ನು ಎರಡು ದಿನ ಕಾಪಾಡುವುದು ಒಂದು ಕೆಲಸವೇ?

ಗಂಡ ನಿವೃತ್ತ ರೈಲ್ವೆ ಗಾರ್ಡ್. ಮರುದಿನ ಬೆಳಿಗ್ಗೆ ಅವರ ಹೃದಯದ ಕವಾಟ ಬದಲಿಸುವ ಆಪರೇಷನ್. ಸಂಜೆ ಐದರೊಳಗೆ ಆಸ್ಪತ್ರೆಗೆ ಸೇರಬೇಕು, ಮೈಮೇಲೆ ಲೋಹದ ಚೂರೂ ಇರಬಾರದು. ಈ ಸರದಿ ತಪ್ಪಿದರೆ ಮುಂದಿನದು ಮೂರು ವಾರಕ್ಕೆ, ಆ ಕವಾಟ ಮೂರು ವಾರ ಕಾಯುವಂಥದ್ದಲ್ಲ. ಹತ್ತು ಜನರಲ್ಲಿ ಒಬ್ಬರು ಏಳುವುದಿಲ್ಲ ಎಂದು ಸರ್ಜನ್ ನೆಲ ನೋಡುತ್ತ ಹೇಳಿದ್ದ. ಅವನು ನನ್ನ ಶಿಷ್ಯ. ನನ್ನ ಮುಖ ನೋಡಿ ಮಾತಾಡುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ.

"ಹೃದಯದ ಪ್ರಶ್ನೆಯಲ್ಲೇ ಅವನನ್ನ ಫೇಲ್ ಮಾಡಿದ್ದೆ," ಎಂದು ದಾರಿಯಲ್ಲಿ ಹೇಳಿದೆ.

"ಆಮೇಲೆ ಓದ್ಕೊಂಡಿದ್ದಾನೆ ತಾನೇ?" ಎಂದರು ಇವರು.

ಕಾರು ಓಡಿಸುತ್ತಿದ್ದುದು ನಾನೇ. ಕೆಂಪು ದೀಪಕ್ಕೆ ನಿಂತಾಗ ಇವರ ಬೆರಳಿಗೆ ವ್ಯಾಸಲೀನ್ ಸವರಿ ಉಂಗುರ ಎಳೆಯತೊಡಗಿದೆ. ನಲವತ್ತೊಂದು ವರ್ಷದಿಂದ ಕೂತದ್ದು, ಸುಲಭಕ್ಕೆ ಬರಲಿಲ್ಲ. ಇವರು ಅದೇ ಹೊತ್ತು ನೋಡಿ ಬಾಯಿ ತೆರೆದರು.

"ಆ ಹತ್ತರಲ್ಲಿ ಒಬ್ಬ ನಾನೇ ಆದ್ರೆ? ತಂಗೀನ ಒಂದ್ಸಲ ನೋಡ್ಬೇಕು ಕಣೇ."

"ಕಳ್ಳರು ಆಸ್ಪತ್ರೆಗೆ ಬರೋದು ಬೇಡ."

"ಒಂಬತ್ತು ವರ್ಷ ಆಯ್ತು!"

"ಓಲೆ ವಾಪಸ್ ಬಂತಾ?"

ಇವರು ಕಿಟಕಿಯ ಕಡೆ ತಿರುಗಿದರು. ಓದುಗರಿಗೆ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ನನ್ನ ಎಡಗಿವಿ ಸೋರುತ್ತಿತ್ತು. ಡಾಕ್ಟರ ಬಳಿ ಹೋಗುವಾಗ ನಾದಿನಿ ಇದೇ ಕಾರಿನಲ್ಲಿ ನನ್ನ ಪಕ್ಕ ಕೂತಿದ್ದಳು. ಆ ಕಿವಿಯಲ್ಲಿದ್ದ, ನನ್ನ ತಾಯಿಯ ವಜ್ರದ ಓಲೆ ಬಿಚ್ಚಿ ಅವಳ ಕೈಗೆ ಕೊಟ್ಟೆ. ಮನೆಗೆ ಬಂದು ಕೇಳಿದರೆ, "ಅತ್ತಿಗೆ, ನೀವು ಕೊಟ್ಟೇ ಇಲ್ಲ!" ಅಂದಳು. ಅಂದು ನಾನದನ್ನು ಬರೆದಿಡಲಿಲ್ಲ. ನನ್ನ ನೆನಪೇ ದಾಖಲೆಯಾಗಿರುವಾಗ ಬರೆಯುವುದೇಕೆ? ಅಂದಿನಿಂದ ಅವಳಿಗೆ ನಮ್ಮ ಮನೆಯ ಬಾಗಿಲು ಮುಚ್ಚಿತು. ಇವರು ತಂಗಿಯೊಡನೆ ಬಚ್ಚಲುಮನೆಯಿಂದ ಫೋನಿನಲ್ಲಿ ಮಾತಾಡುತ್ತಾರೆ. ನಲ್ಲಿ ಬಿಟ್ಟುಕೊಂಡು! ನೀರಿನ ಸದ್ದಿಗೆ ನಾನು ಮೋಸಹೋಗುತ್ತೇನೆಂದು ಇವರ ನಂಬಿಕೆ.

ಉಂಗುರ ಕಳಚಿ ಬಂತು. ದೀಪ ಹಸಿರಾಯಿತು. ಹಿಂದಿನ ಲಾರಿ ಬೊಬ್ಬೆ ಹೊಡೆಯಿತು. ಕೈಯೆಲ್ಲ ಜಿಡ್ಡು, ಉಂಗುರವನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟೆ.

"ಅಲ್ಲಿಡ್ಬೇಡ, ಜಾರತ್ತೆ."

"ಯಾವುದನ್ನ ಎಲ್ಲಿಡ್ಬೇಕು ಅನ್ನೋದನ್ನ ನೀವು ನನಗೆ ಹೇಳ್ಕೊಡ್ತೀರಾ?"

ಆಸ್ಪತ್ರೆಯ ಗೇಟಿನಲ್ಲಿ ಬ್ರೇಕ್ ಒತ್ತಿದೆ. ಜಿಡ್ಡು ಹತ್ತಿದ ಉಂಗುರ ಸರ್ರನೆ ಮುಂದೆ ಓಡಿ, ಗಾಜಿನ ಬುಡದಲ್ಲಿ ಗಾಳಿ ಬರುವ ಸೀಳಿನೊಳಗೆ ಬಿತ್ತು. ಟಣ್ ಎಂದಿತು. ಗಂಟೆ ಹನ್ನೊಂದು.

"ಹೋಯ್ತು," ಎಂದರು ಗಾರ್ಡ್ ಸಾಹೇಬರು.

"ಹೋಗಿಲ್ಲ. ಒಳಗಿದೆ. ನೀವು ಹೋಗಿ ಬೆಡ್ ಹತ್ತಿ, ನಾನು ತೆಗೆದು ತರ್ತೀನಿ."

"ಅದನ್ನ ಕಣ್ಣಲ್ಲಿ ನೋಡ್ದೆ ನಾನು ಬೆಡ್ ಹತ್ತಲ್ಲ. ಗಾರ್ಡು ಬಾವುಟ ತೋರಿಸ್ದೆ ಗಾಡಿ ಹೊರಡಲ್ಲ ಕಣೇ."

ಸಾಯುವ ಭಯವನ್ನು ಮನುಷ್ಯ ಹೀಗೆ ಉಂಗುರಕ್ಕೆ ಸುತ್ತಿಡುತ್ತಾನೆ ಎಂದು ನನಗೆ ಗೊತ್ತಿತ್ತು. ವಾದ ಮಾಡಲಿಲ್ಲ. ಒಳಗೆ ಹೋಗಿ ಒಬ್ಬ ನರ್ಸಿನಿಂದ ಉದ್ದನೆಯ ಚಿಮಟ ಕೇಳಿ ತಂದೆ.

"ಅಯಸ್ಕಾಂತ ಸಿಕ್ಕಿದ್ರೆ..." ಎಂದು ಇವರು ಶುರುಮಾಡಿದರು.

"ಚಿನ್ನ ಅಯಸ್ಕಾಂತಕ್ಕೆ ಅಂಟತ್ತಾ? ಯಾವ ಶಾಲೇಲಿ ಓದಿದ್ರಿ?"

ಬಾನೆಟ್ಟಿಗೆ ಒರಗಿ ನಿಂತು ಇವರು ನೋಡಿದರು. ನಾನು ಗಾಜಿಗೆ ಮೂಗು ಒತ್ತಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿ, ಚಿಮಟ ಇಳಿಸಿದೆ. ಎಪ್ಪತ್ತೆರಡರ ವಯಸ್ಸಿನಲ್ಲೂ ನನ್ನ ಕೈ ನಡುಗುವುದಿಲ್ಲ! ಉಂಗುರ ಸಿಕ್ಕಿತು. ಎತ್ತಿದೆ. ಸೀಳಿನ ಅಂಚಿಗೆ ಬಂತು. "ನೋಡಿದ್ರಾ!" ಎನ್ನಲು ಬಾಯಿ ತೆರೆದೆ. ಟಾರ್ಚು ಬಿದ್ದು ನನ್ನ ಮಣಿಕಟ್ಟಿಗೆ ಬಡಿಯಿತು. ಉಂಗುರ ಒಳಗೆ, ಅದರ ಹಿಂದೆಯೇ ಚಿಮಟವೂ ಒಳಗೆ.

"ಈಗ ಒಳಗಡೆ ಇಬ್ಬರು," ಎಂದರು ಇವರು.

ಗಾಳಿಯ ಕೊಳವೆಯಲ್ಲಿ ಬಿದ್ದದ್ದನ್ನು ಗಾಳಿಯೇ ಹೊರಗೆ ತಳ್ಳಬೇಕು. ತರ್ಕದಲ್ಲಿ ದೋಷವಿರಲಿಲ್ಲ. ಎಸಿಯ ಫ್ಯಾನನ್ನು ಪೂರ್ತಿ ತಿರುಗಿಸಿದೆ. ಒಳಗೆ ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದಂಥ ಸದ್ದು! ಹದಿನಾಲ್ಕು ವರ್ಷದ ಧೂಳು ನನ್ನ ಮುಖಕ್ಕೆ ರಾಚಿತು. ಒಮ್ಮೆ ಗರ್ರ್ ಎಂದು ಫ್ಯಾನು ಸತ್ತಿತು. ಉಂಗುರ ಹೊರಗೆ ಬರಲಿಲ್ಲ.

ಎದುರಿನ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದ. ಬಗ್ಗಿ ನೋಡಿದ, ನನ್ನ ಬೂದಿ ಬಳಿದ ಮುಖವನ್ನೂ ನೋಡಿದ.

"ಯಾರು ಫ್ಯಾನ್ ಹಾಕಿದ್ದು?"

"ನಾನು."

"ಬೇರೆ ಯಾರಾದ್ರೂ ಆಗಿದ್ರೆ ಬೈತಿದ್ದೆ, ಮೇಡಂ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಬೇಕು. ನಾಲ್ಕು ಗಂಟೆ ಕೆಲ್ಸ."

ಹನ್ನೆರಡೂಕಾಲು. ಕಾರನ್ನು ಗ್ಯಾರೇಜಿಗೆ ತಳ್ಳಿದರು. ಇವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ನನ್ನ ಕೈಚೀಲದಲ್ಲಿ ನೋಟ್‌ಪುಸ್ತಕ ಸದಾ ಇರುತ್ತದೆ. ನೆಲಕ್ಕೆ ಬಿಳಿ ಬಟ್ಟೆ ಹಾಸಿ, ಪ್ರತಿ ಸ್ಕ್ರೂವಿಗೂ ಒಂದು ಚೀಟಿ, ಒಂದು ಸಂಖ್ಯೆ.

"ಮೇಡಂ, ನಾನು ಕಾರ್ ಬಿಚ್ತಿದ್ದೀನಾ, ಪರೀಕ್ಷೆ ಬರೀತಿದ್ದೀನಾ?"

"ಹದಿನಾರನೇ ಸ್ಕ್ರೂ ಯಾವ ಕಡೆಯದು, ಎಡವೋ ಬಲವೋ?"

"ನಲ್ವತ್ತು ವರ್ಷದಿಂದ ಹೀಗೇ ಬದುಕಿದೀನಪ್ಪಾ," ಎಂದರು ಇವರು, ಕುರ್ಚಿಯಿಂದ. ಅವರ ತುಟಿ ನೀಲಿಯಾಗತೊಡಗಿತ್ತು. ನಾನು ನೋಡಿದೆ. ನೋಡದವಳಂತೆ ಹದಿನೇಳು ಎಂದು ಬರೆದೆ.

ನಾಲ್ಕು ಗಂಟೆಗೆ ಡ್ಯಾಶ್‌ಬೋರ್ಡು ಎದೆಗೂಡಿನಂತೆ ತೆರೆದುಕೊಂಡಿತು. ಮೆಕ್ಯಾನಿಕ್ ಒಂದೊಂದಾಗಿ ಹೇಳಿದ, ನಾನು ಒಂದೊಂದಾಗಿ ಬರೆದೆ. ಕ್ರಮಸಂಖ್ಯೆ ಮೂವತ್ತೊಂಬತ್ತು, ಚಿಮಟ. ನಲವತ್ತು, ಪೆನ್ನಿನ ಮುಚ್ಚಳ. ನಲವತ್ತೊಂದು, ಅರ್ಧ ಬಾಚಣಿಗೆ. ನಲವತ್ತೆರಡು, ಉಂಗುರ!

"ಕಣ್ಣಲ್ಲಿ ನೋಡಿದ್ರಲ್ಲ, ಏಳಿ!" ಎಂದೆ.

"ಮೇಡಂ, ಇನ್ನೊಂದಿದೆ," ಎಂದ ಮೆಕ್ಯಾನಿಕ್. ಧೂಳಿನ ಉಂಡೆಯೊಂದನ್ನು ಪ್ಯಾಂಟಿಗೆ ಉಜ್ಜಿ, ಅಂಗೈ ಚಾಚಿದ. "ಇದೂ ನಿಮ್ದೇನಾ?"

ನನ್ನ ತಾಯಿಯ ವಜ್ರದ ಓಲೆ.

ಅಂದು ಕಿವಿಗೆ ಹಾಕಿದ ಎಣ್ಣೆ ನನ್ನ ಬೆರಳಿಗೂ ಹತ್ತಿತ್ತು. ಓಲೆ ಬಿಚ್ಚಿ ನಾನು ಎಲ್ಲಿಟ್ಟಿರಬೇಕು ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಇವರು ನಗಲಿಲ್ಲ. ನಕ್ಕಿದ್ದರೆ ತಿರುಗಿ ಜಗಳವಾಡಿ ಬಚಾವಾಗುತ್ತಿದ್ದೆ.

"ಬರ್ಕೋ," ಎಂದರು ಮೆಲ್ಲಗೆ. "ನಲವತ್ಮೂರು."

ಬರೆದೆ. ನಂತರ ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ನಂಬರಿಗೆ ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದಳು.

"ಅಣ್ಣ ಹೋಗ್ಬಿಟ್ನಾ?"

ನಾನು ಫೋನ್ ಮಾಡಬೇಕಾದರೆ ಯಾರಾದರೂ ಸತ್ತಿರಲೇಬೇಕು ಎಂಬುದು ಅವಳ ಲೆಕ್ಕ. ತಪ್ಪೆನ್ನಲು ನನ್ನಲ್ಲಿ ಆಧಾರವಿರಲಿಲ್ಲ.

"ಅವರು ಇದ್ದಾರೆ. ಓಲೆ ಸಿಕ್ತು. ನನ್ನ ಕಾರಲ್ಲೇ ಇತ್ತು. ತಪ್ಪು ನಂದು. ಬಾ."

"ಎಷ್ಟೊತ್ತಿಗೆ ಬರ್ಬೇಕು ಅತ್ತಿಗೆ?"

"ಐದರೊಳಗೆ."

ಐದಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆಯ ವಾರ್ಡಿಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದು ಬೆಳ್ಳಗಾಗುವಷ್ಟು ಕಾಲವೂ ನನ್ನ ಮಾತೇ ಸರಿಯಾಗಿತ್ತು! ಅಣ್ಣನ ಕೈ ಹಿಡಿದು ನಿಂತಳು. ಇಬ್ಬರೂ ಅಳಲಿಲ್ಲ, ನನ್ನ ಮುಂದೆ ಯಾರೂ ಅಳುವುದಿಲ್ಲ. ಇವರು ಬೆಡ್ ಹತ್ತಿದರು. ಮಲಗಿದವರೇ, "ಉಂಗುರ ಇವಳ ಹತ್ರ ಇರ್ಲಿ," ಎಂದು ತಂಗಿಯನ್ನು ತೋರಿಸಿದರು.

ನಾನು ಉಂಗುರ ಚಾಚಿದೆ. ನಾದಿನಿ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಹಾಗೆಲ್ಲ ತಗೊಳ್ಳಲ್ಲ ಅತ್ತಿಗೆ. ಮೊದ್ಲು ಬರೀರಿ."

ನೋಟ್‌ಪುಸ್ತಕ ತೆಗೆದೆ. 'ಉಂಗುರ ಒಂದು, ನಾದಿನಿಯ ಕೈಗೆ ಕೊಟ್ಟಿದ್ದೇನೆ.'

"ರುಜು ಹಾಕಿ."

ಹಾಕಿದೆ.

"ಕೊಟ್ಟ ಹೊತ್ತು?"

ಅದನ್ನೂ ಬರೆದೆ.

ಮರುದಿನ ಆಪರೇಷನ್ ಏಳು ಗಂಟೆ ನಡೆಯಿತು. ಬಾಗಿಲಾಚೆಯ ಬೆಂಚಿನ ಮೇಲೆ ನಾವಿಬ್ಬರೂ. ಗಂಟೆಗೊಮ್ಮೆ ಅವಳು ನನ್ನ ಮೂಗಿನ ಮುಂದೆ ಮುಷ್ಟಿ ಬಿಚ್ಚಿದಳು. "ಇದೆ ಅತ್ತಿಗೆ, ಗುರುತು ಹಾಕಿ." ನಾನು ಗುರುತು ಹಾಕಿದೆ. ಏಳನೆಯದನ್ನು ಹಾಕುವಾಗ ಸರ್ಜನ್ ಹೊರಬಂದ. ಮೊದಲ ಬಾರಿಗೆ ನನ್ನ ಮುಖ ನೋಡಿ, "ಪಾಸ್, ಮೇಡಂ," ಎಂದ.

ಇವರು ಈಗ ಮನೆಯಲ್ಲಿದ್ದಾರೆ, ಅರ್ಧ ಸವೆದಿದ್ದಾರೆ. ಆ ಬೆರಳಿನಲ್ಲಿ ಉಂಗುರ ನಿಲ್ಲುವುದಿಲ್ಲ, ಹಾಗಾಗಿ ನಾದಿನಿಯ ಬಳಿಯೇ ಇದೆ. ಪ್ರತಿ ಭಾನುವಾರ ಬರುತ್ತಾಳೆ. ಚಪ್ಪಲಿ ಬಿಟ್ಟು, ಅಣ್ಣನ ಆರೋಗ್ಯ ಕೇಳುವ ಮೊದಲೇ ಅಂಗೈ ಬಿಚ್ಚಿ ನನ್ನ ಮುಂದೆ ನಿಲ್ಲುತ್ತಾಳೆ.

"ಇನ್ನು ಸಾಕಲ್ಲವೇನೇ?" ಎಂದು ಹೋದ ವಾರ ಕೇಳಿದೆ.

"ಇಪ್ಪತ್ತೆರಡು ವಾರ ಆಯ್ತು ಅತ್ತಿಗೆ," ಎಂದಳು. "ಒಂಬತ್ತು ವರ್ಷಕ್ಕೆ ಇನ್ನೂ ಎಷ್ಟಿದೆ, ನೀವೇ ಎಣಿಸಿ."

ಎಣಿಸಿದೆ. ಹೊಸ ನೋಟ್‌ಪುಸ್ತಕ ಕೊಂಡಿದ್ದೇನೆ. ದಪ್ಪದ್ದು.